ಅಲಿಮಾಸಿ ಭಾವನ ಕಿವಿ ನೆಕ್ಕಿದ ಒಕಾಪಿ

ನಮ್ಮಕ್ಕನ ಗಂಡ ಅಲಿಮಾಸಿ ಊರಿಗೆ ಯಜಮಾನ. ಊರನ್ನು ಸುತ್ತಿದ ಇತೂರಿ ಕಾಡಿಗೂ ತಾನೇ ಯಜಮಾನ ಎಂದು ಅವನ ಅಭಿಪ್ರಾಯ. ಕಾಡನ್ನು ಮಾತ್ರ ಯಾರೂ ಕೇಳಿರಲಿಲ್ಲ. ರಸ್ತೆ ಬದಿಯ ಬರಾಜಾ, ಅಂದರೆ ಊರವರು ಸಂಜೆ ಕೂತು ಹರಟುವ ಗೋಡೆಯಿಲ್ಲದ ಚಪ್ಪರ, ಅದರಲ್ಲಿ ಬೆನ್ನಿರುವ ಒಂದೇ ಕುರ್ಚಿ ಅವನದು. ದಿನದ ಕಥೆಯೂ ಅವನದೇ. ಅಫಾಲು ಹಳ್ಳದ ಹತ್ತಿರ ಮರಕ್ಕೊರಗಿ ಕೂತಿದ್ದಾಗ ಒಂದು ಒಕಾಪಿ ಬಂದು ನೀಲಿ ನಾಲಿಗೆ ಚಾಚಿ ಅವನ ಕಿವಿ ನೆಕ್ಕಿತಂತೆ.

ಒಕಾಪಿ ಅಂದರೆ ಜಿರಾಫೆಯ ನೆಂಟ, ಕಾಲಿಗೆ ಮಾತ್ರ ಜೀಬ್ರಾದಂಥ ಪಟ್ಟೆ; ಹಾಗೆಲ್ಲ ಸಲಿಗೆಯ ಪ್ರಾಣಿಯಲ್ಲ. ಕಾಡಲ್ಲೇ ಹುಟ್ಟಿ ಬೆಳೆದ ಬಲೆಬೇಟೆಯವರೂ ಅದರ ಹೆಜ್ಜೆ ಕಂಡಷ್ಟು ಮುಖ ಕಂಡಿಲ್ಲ. ತೊಡೆಯ ಬಿಳಿಪಟ್ಟೆ ಕಂಡಿತು ಅನ್ನುವಷ್ಟರಲ್ಲಿ ಅದು ಎಲೆಸಂದಿಯ ಬಿಸಿಲಾಗಿರುತ್ತದೆ.

ಆ ಬಲೆಯವರ ಪೈಕಿ ಮಕುಬಾ ಅಂತ ಒಬ್ಬ ಅಜ್ಜಿ. ಬಾಳೆಗೊನೆಗೆ ಬದಲಾಗಿ ಮಾಂಸವೋ ಜೇನೋ ತಂದುಕೊಟ್ಟು, ಕಥೆ ಕೇಳಿಯೇ ಹೋಗುವಳು.

"ಯಾವ ಕಿವಿ ಯಜಮಾನ್ರೇ?"

"ಎಡಗಿವಿ."

"ಹೋದ ಸಲ ಬಲಗಿವಿ ಅಂದಿದ್ರಿ."

"ಎರಡೂ ನೆಕ್ತು. ನಿಂಗೇನು ಕಷ್ಟ?"

"ನಂಗೇನಿಲ್ಲ. ವಿಷದೆಲೆ ತಿಂದಾಗ ಅದು ಸುಟ್ಟ ಮರದ ಇದ್ದಿಲು ತಿಂದು ಹೊಟ್ಟೆ ಸರಿ ಮಾಡ್ಕೊಳ್ಳತ್ತೆ. ನಿಮ್ಮ ಕಿವಿ ನೆಕ್ಕಿದ ಮೇಲೂ ತಿಂದಿರ್ಬೇಕು, ಪಾಪ."

ಹೀಗಿರುವಾಗ ಬರಾಜಾದ ಮಾಡು ಸೋರತೊಡಗಿತು. ಹೊದಿಸಲು ಮೊಂಗೊಂಗೊ ಎಂಬ ಅಗಲದ ಎಲೆ ತರೋಣ ಎಂದು ಭಾವ ನನ್ನನ್ನು ಅಫಾಲು ಹಳ್ಳಕ್ಕೇ ಕರಕೊಂಡು ಹೋದ. ಎಲೆಯ ಒಂದು ಪೊದೆಯನ್ನು ಸರಿಸಿದವನು ಬಗ್ಗಿದಲ್ಲೇ ನಿಂತ. ಒಳಗೆ ಪಟ್ಟೆಗಾಲು ಮಡಚಿಕೊಂಡು ಒಕಾಪಿಯ ಮರಿ ಮಲಗಿತ್ತು. ಅಲುಗಲಿಲ್ಲ, ಕೂಗಲಿಲ್ಲ, ನಮ್ಮನ್ನೇ ನೋಡುತ್ತಿತ್ತು. ಸುತ್ತ ಒಂದು ಹಿಕ್ಕೆಯೂ ಇಲ್ಲ. ಚಿರತೆಗೆ ವಾಸನೆ ಸಿಗಬಾರದೆಂದು ಈ ಮರಿಗಳು ಹುಟ್ಟಿದ ಮೇಲೆ ವಾರಗಟ್ಟಲೆ ಹಿಕ್ಕೆ ಹಾಕದೆ ಹೊಟ್ಟೆ ಕಟ್ಟಿಕೊಂಡೇ ಇರುತ್ತವೆ. ಅಷ್ಟು ದೂರದಲ್ಲಿ ತಾಯಿ ನಿಂತು, ತನ್ನ ಕಿವಿಯನ್ನು ತಾನೇ ನೆಕ್ಕಿಕೊಳ್ಳುತ್ತಿತ್ತು. ಭಾವ ಸರಿಸಿದ ಪೊದೆಯನ್ನು ಮೆಲ್ಲಗೆ ಮುಚ್ಚಿದ. ಎಲೆ ಬಿಟ್ಟು, ಬಂದ ಹೆಜ್ಜೆಯಲ್ಲೇ ಹಿಂದೆ ಬಂದೆವು.

"ಭಾವ, ಇನ್ಮೇಲೆ ನಿನ್ನ ಕಥೇನ ಯಾರೂ ಅಲ್ಲಗಳೆಯೋ ಹಾಗಿಲ್ಲ," ಅಂದೆ.

"ಇವತ್ತು ಸಂಜೇನೇ ಹೇಳ್ತೀನಿ ತಾಳು," ಅಂದ.

ಸಂಜೆ ಅವನಿಗಿಂತ ಮುಂಚೆ ಬರಾಜಾದಲ್ಲಿ ಒಬ್ಬ ಕೂತಿದ್ದ. ಸೈಕಲ್ಲಿನ ಮೇಲೆ ಹೊಗೆಮಾಂಸ ಹೇರಿಕೊಂಡು ಮಾರುವವನು, ಹೆಗಲಲ್ಲಿ ಕೋವಿ.

"ಯಜಮಾನ್ರೇ, ನಿಮ್ಮ ಕಿವಿ ಕಥೆ ಮಂಬಾಸಾ ಸಂತೆವರೆಗೂ ಬಂದಿದೆ."

ಭಾವನ ಮುಖ ಅರಳಿತು.

"ಒಕಾಪಿ ಚರ್ಮಕ್ಕೆ ಗಿರಾಕಿ ಇದಾರೆ. ಆ ಹಳ್ಳದ ಜಾಗ ಒಂಚೂರು ತೋರಿಸಿ."

ಅರಳಿದ್ದು ಮುದುಡಿತು. ಒಕಾಪಿ ಕೊಲ್ಲಬಾರದೆಂದು ಕಾನೂನಿದೆ ನಿಜ, ಆದರೆ ಕೋವಿಗೆ ಓದು ಬರುವುದಿಲ್ಲ. ಊರೆಲ್ಲ ಭಾವನನ್ನೇ ನೋಡುತ್ತಿತ್ತು. ಇಷ್ಟು ವರ್ಷದ ಸುಳ್ಳು ಬೆಳಿಗ್ಗೆಯಷ್ಟೇ ನಿಜವಾಗಿತ್ತು.

"ಅದು ಸುಳ್ಳು," ಅಂದ ಭಾವ.

"ಸುಳ್ಳಾ?"

"ಸುಳ್ಳು. ಅಲ್ಲಿ ನಾನು ಕಂಡಿದ್ದು ಒಂದು ಕಪ್ಪೆ."

ಬರಾಜಾ ನಕ್ಕು ನಕ್ಕು ಉರುಳಿತು. ನನ್ನಕ್ಕನೂ ನಕ್ಕಳು. ವ್ಯಾಪಾರಿ ನಂಬದೆ ಮಕುಬಾಳತ್ತ ತಿರುಗಿದ. "ಅಜ್ಜಿ, ನೀನು ಕಾಡಿನವಳು, ನೀನು ಹೇಳು."

ಮಕುಬಾ ನಗುತ್ತಿರಲಿಲ್ಲ. ಅಲಿಮಾಸಿ ಒಂದೇ ಮಾತಿಗೆ ಕಥೆ ಮುಗಿಸಿದ್ದನ್ನು ಅವಳು ಎಂದೂ ಕಂಡವಳಲ್ಲ. ಅವನ ಮುಖವನ್ನು ಒಂದು ಗಳಿಗೆ ನೋಡಿದಳು.

"ಈ ಮನುಷ್ಯ ಆಡು ಕಂಡ್ರೆ ಆನೆ ಅನ್ನೋನು. ಇವನ ಮಾತು ಕೇಳಿ ಟಯರ್ ಸವೆಸ್ಬೇಡಪ್ಪ."

ವ್ಯಾಪಾರಿ ಸೈಕಲ್ ಹತ್ತಿದ. ಮರುದಿನ ಮಕುಬಾ ತನ್ನವರ ಬಲೆಗಳನ್ನೂ ಹಳ್ಳಕ್ಕೆ ಎದುರು ದಿಕ್ಕಿಗೆ ಹೊರಡಿಸಿದಳು. ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಆಮೇಲೆ ಊರಿನ ಮಕ್ಕಳೂ ಭಾವನನ್ನು ಕಂಡರೆ ಕಪ್ಪೆಯಂತೆ ವಟಗುಟ್ಟಿದವು. ಕುರ್ಚಿಯಲ್ಲಿ ಕೂತವನು ಕೇಳಿಸದವನಂತೆ ಇರುತ್ತಿದ್ದ. ಅಲ್ಲಿ ಮರಿ ಹೊಟ್ಟೆ ಕಟ್ಟಿಕೊಂಡಿತ್ತು, ಇಲ್ಲಿ ಇವನು ಬಾಯಿ.

ಜೇನಿನ ಕಾಲ ಬಂತು. ನಾವಿಬ್ಬರೂ ಹಳ್ಳದತ್ತ ಹೋದಾಗ ದಾರಿಯಲ್ಲಿ ದೊಡ್ಡ ಹಿಕ್ಕೆ ಬಿದ್ದಿತ್ತು, ಪಕ್ಕದಲ್ಲೇ ಚಿಕ್ಕ ಹಿಕ್ಕೆ. ಭಾವ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನೋಡೋ," ಅಂದ, "ಮರಿ ತಾಯಿ ಜತೆ ನಡೆಯಕ್ಕೆ ಶುರು ಮಾಡಿದೆ."

ಹಿಕ್ಕೆಗೆ ಅಷ್ಟು ಮರ್ಯಾದೆ ಕೊಟ್ಟ ಇನ್ನೊಬ್ಬ ಯಜಮಾನನನ್ನು ನಾನು ಕಂಡಿಲ್ಲ.

ಆ ಸಂಜೆ ಮಕುಬಾ ಜೇನು ತಂದಳು. "ಕಿವಿ ಹೆಂಗಿದೆ ಯಜಮಾನ್ರೇ?"

"ಒಣಗಿದೆ."

ಅವಳು ಅವನ ಎಲೆಗೆ ಇನ್ನೊಂದು ತುಂಡು ಜೇನುಹುಟ್ಟು ಹಾಕಿದಳು. ಅದು ಗಂಟಲಿಗಿಳಿಯುತ್ತಲೇ ಭಾವ ಕುರ್ಚಿಗೆ ಒರಗಿದ. "ಒಂದ್ಸಲ ಏನಾಯ್ತು ಅಂದ್ರೆ, ಒಂದು ಚಿರತೆ ನನ್ನ ಪಕ್ಕದಲ್ಲಿ ಕೂತು..."

"ಯಾವ ಹಳ್ಳದ ಹತ್ರ?" ಯಾರೋ ಕೇಳಿದರು.

"ಜಾಗ ನೆನಪಿಲ್ಲ," ಅಂದ ಭಾವ.