ಕಾರ್ಖಾನೆಯ ಬಾಗಿಲು, ಅವ್ವನ ಕೊಡ

ವಾಡಿಯ ಹತ್ತಿರ, ನಮ್ಮೂರ ಮಗ್ಗುಲಿಗೆ ಹೊಸ ಕಾರ್ಖಾನೆ ಎದ್ದಾಗ ಮೊದಲು ಬಂದದ್ದು ಗೋಡೆ. ಅದು ನಮ್ಮ ಓಣಿಗೂ ಬಾವಿಗೂ ನಡುವೆ ನಿಂತಿತು. ಕೂಗಿದರೆ ಕೇಳುವಷ್ಟು ಹತ್ತಿರವಿದ್ದ ಬಾವಿಗೆ ಹೆಂಗಸರು ಊರು ಸುತ್ತಿ ಹೋಗಬೇಕಾಯಿತು. ಗೋಡೆಯಲ್ಲೊಂದು ಬಾಗಿಲು ಕೇಳಲು ಅಪ್ಪ, ಎದುರುಮನೆಯ ದರ್ಜಿ ಚಾಚಾನನ್ನು ಕರೆದುಕೊಂಡು ಕಾರ್ಖಾನೆಯ ಕಚೇರಿಗೆ ಹೋದ. ನೀರು ಹೊರುವುದು ಹೆಂಗಸರ ಕೆಲಸ. ಅದರ ಬಗ್ಗೆ ಮಾತಾಡುವುದು ಗಂಡಸರದು.

ಆ ಕಚೇರಿಯ ಗಾಜಿನ ಬಾಗಿಲು ತಾನೇ ತೆರೆಯುತ್ತದೆಂದು ಸೇಡಂ, ಚಿತ್ತಾಪುರದವರೆಗೂ ಸುದ್ದಿಯಾಗಿತ್ತು. ಗುಟ್ಟೇನೂ ದೊಡ್ಡದಲ್ಲ. ಮುಂದೆ ಹಾಸಿದ ರಬ್ಬರ್ ಚಾಪೆಯ ಮೇಲೆ ಭಾರ ಬಿದ್ದರೆ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ, ಮೋಟಾರು ತಿರುಗಿ, ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತು. ಆದರೆ ಕಲ್ಲುಪುಡಿ ಮೆತ್ತಿದ ಕಾಲನ್ನು ಸಾಹೇಬರ ಹೊಸ ಚಾಪೆಯ ಮೇಲಿಡುವವರು ನಮ್ಮ ಕಡೆ ಹುಟ್ಟಿಲ್ಲ. ಇಬ್ಬರೂ ಚಪ್ಪಲಿ ಬಿಟ್ಟು, ಚಾಪೆ ತುಳಿಯದೆ ಪಕ್ಕದಿಂದ ಹೋಗಿ, ಗಾಜಿನ ಬದಿಗೆ ಕೈಕಟ್ಟಿ ನಿಂತರು. ಬೂಟಿನವರು ಬಂದರೆ ಬಾಗಿಲು ಓಡಿ ಸರಿಯುತ್ತಿತ್ತು. ಇವರಿಗೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬೇರೆಯವರ ಬೆನ್ನಿಗೆ ನುಗ್ಗುವುದು ಮರ್ಯಾದೆಯಲ್ಲ. ಬಾಗಿಲು ತಾನೇ ತೆರೆಯುವುದರಿಂದ ತೆರೆಯುವುದು ಈಗ ತನ್ನ ಕೆಲಸವಲ್ಲವೆಂದು ಕಾವಲುಗಾರ ಬೀಡಿ ಹಚ್ಚಿದ.

“ಇದಕ್ಕ ಮಂದಿ ಗುರುತು ಸಿಗ್ತದ,” ಎಂದ ಚಾಚಾ. “ನಮ್ಮನ್ನ ಒಳಗ ಬಿಡಬ್ಯಾಡಂತ ಹೇಳಿಟ್ಟಾರ.”

ಅಪ್ಪ ಒಪ್ಪಿದ. ಮರುದಿನವೂ ಇಬ್ಬರೂ ಹೋಗಿ ಹಾಗೆಯೇ ನಿಂತರು.

ಬಾವಿಯಿಂದ ಬರುತ್ತಿದ್ದ ಅವ್ವ ರಸ್ತೆಯಿಂದಲೇ ಅದನ್ನು ಕಂಡಳು. ಹಿಂದೆ ನಾನು, ನನ್ನ ಸಣ್ಣ ಕೊಡದೊಂದಿಗೆ. ಗುಡಿಯ ಮುಂದೆ ನಿಂತಂತೆ ನಿಂತ ಗಂಡನನ್ನು ನೋಡಿ ಅವಳ ಮೈಯೆಲ್ಲ ಉರಿಯಿತು. ನೆಟ್ಟಗೆ ನಡೆದಳು. ತಲೆಯ ಮೇಲೆ ತುಂಬಿದ ಕೊಡವಿದ್ದವರಿಗೆ ಕಾಲ ಕೆಳಗೇನಿದೆಯೆಂದು ಕಾಣುವುದಿಲ್ಲ. ಚಾಪೆ ತುಳಿದಳು, ಬಾಗಿಲು ಸರಿಯಿತು.

ಒಳಗೆ ಕೊಡವನ್ನು ಸಾಹೇಬರ ಮೇಜಿನ ಮೇಲೆಯೇ ಇಳಿಸಿದಳು. ಸಾಹೇಬರು ಎದ್ದು ನಿಂತರು.

“ನಿಮ್ಮ ಬಾಗಲಾ ತಾನೇ ತೆರೀತದ್ರಿ,” ಎಂದಳು. “ನಮಗ ಗ್ವಾಡ್ಯಾಗ ಒಂದು ಬಾಗಲಾ ಮಾಡಿಕೊಡ್ರಿ. ನಾವು ಕೈಲೇ ತೆರಕೋತೀವಿ.”

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನನ್ನ ಕೊಡ ತುಳುಕಿ ಲಂಗ ತೊಯ್ದದ್ದು ಮನೆಗೆ ಬಂದ ಮೇಲೆಯೇ ತಿಳಿಯಿತು.

ಗೋಡೆಗೆ ಬಾಗಿಲು ಬಂತು, ತಗಡಿನದು, ಕಿರುಗುಟ್ಟುವಂಥದು. ಅದಕ್ಕೆ ಕಾಯಿ ಒಡೆದವನು ಅಪ್ಪ. ಸಾಹೇಬರನ್ನು ತಾವಿಬ್ಬರೂ ಹೇಗೆ ಒಪ್ಪಿಸಿದೆವೆಂದು ಓಣಿಗೆಲ್ಲ ವಿವರಿಸಿದವನು ಚಾಚಾ. ಅವನ ಮಾತು ಮುಗಿಯುವಷ್ಟರಲ್ಲಿ ಅವ್ವ ಆ ಬಾಗಿಲಿನಿಂದ ಎರಡು ಕೊಡ ನೀರು ತಂದಾಗಿತ್ತು.