ದೈವದ ಮುಂದೆ ಯಾರ ಬಾಯಿ

ನಮ್ಮ ಕಡೆ ದೈವ ಎಂದರೆ ಗುಡಿಯೊಳಗಿನ ದೇವರಷ್ಟೇ ಅಲ್ಲ; ಕಟ್ಟೆಯ ಮೇಲೆ ನ್ಯಾಯ ಹೇಳಲು ಕೂಡುವ ಕುಲದ ಹಿರಿಯರೂ ದೈವವೇ. ಜನ ಠಾಣೆ, ಕೋರ್ಟು ಎಂದು ಲಿಂಗಸುಗೂರಿಗೆ ಓಡತೊಡಗಿದ ಮೇಲೆ ಮಸ್ಕಿ ಸೀಮೆಯ ನಮ್ಮೂರ ಕಟ್ಟೆ ಬಣಗುಟ್ಟುತ್ತಿತ್ತು. ಕಾನೂನು ಓದಿದ ನಾನು ಹಳೆಯ ಕಟ್ಟಳೆಗಳನ್ನೆಲ್ಲ ಕೇಳಿ ಬರೆದಿಡಲು ಹೊರಟಾಗ ಹಿರಿಯರು ಹಿಗ್ಗಿಹೋದರು. ಎರಡು ವರ್ಷ ಊರೂರು ಬಸ್ಸು ಹತ್ತಿ ಇಳಿದು ದಪ್ಪ ನೋಟ್‌ಬುಕ್ಕು ತುಂಬಿಸಿದೆ. ದೈವ ಮತ್ತೆ ಕೂಡತೊಡಗಿತು. ಸುಳ್ಳೇಕೆ ಹೇಳಲಿ, ನನಗೂ ಸೊಕ್ಕು ಬಂದಿತ್ತು.

ಆಮೇಲೆ ನನ್ನ ತಂಗಿಯದೇ ನ್ಯಾಯ ಬಂತು. ಹೊಡೆಯುವ ಗಂಡನಿಂದ ಅವಳಿಗೆ ಬಿಡುಗಡೆ ಬೇಕಾಗಿತ್ತು. ಅಪ್ಪ ಇಲ್ಲ, ನಾವಿಬ್ಬರೂ ಹೆಣ್ಣುಮಕ್ಕಳು. ಮನೆಯ ಗಂಡಸು ಎಂದರೆ ಕಾಕಾ ಒಬ್ಬರೇ. ಅವರೋ, ಹೊಂದಿಕೊಂಡು ಹೋಗಲಿ ಎನ್ನುವವರು. ದೈವ ಕೂಡುವ ಹಿಂದಿನ ದಿನದಿಂದ ನನಗೆ ಅನ್ನ ಸೇರಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತಲ್ಲ.

ದೈವದ ಯಜಮಾನರು ಕಾಕಾನಿಗೆ ಮಾತಾಡೆಂದರು. ಅಷ್ಟರಲ್ಲಿ ತಂಗಿಯೇ ಎದ್ದು ನಿಂತಳು. ಕಟ್ಟಳೆ ಏನಿದೆ ಓದು ಎಂದು ಯಜಮಾನರು ನನ್ನ ಕಡೆ ತಿರುಗಿದರು. ನೋಟ್‌ಬುಕ್ಕು ತೆರೆದೆ. ಹೆಣ್ಣಿನ ಮಾತು ಮನೆಯ ಗಂಡಸಿನ ಬಾಯಿಂದಲೇ ಬರಬೇಕು. ನನ್ನದೇ ಅಕ್ಷರ, ಕೆಳಗೆ ಕೆಂಪು ಗೆರೆ ಬೇರೆ. ಓದಿದೆ. ತಂಗಿ ನನ್ನ ಮುಖ ನೋಡಿದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆಗ ಹೆಂಗಸರ ನಡುವಿನಿಂದ ನನ್ನ ಸೋದರತ್ತೆ ಕೇಳಿದಳು: "ಇದನ್ನ ಯಾರಿಗೆ ಕೇಳಿ ಬರದಿಯವ್ವಾ?"

"ಹಿರ್ಯಾರಿಗೆ, ಅತ್ತಿ."

"ನನಗ ಕೇಳಿದ್ದೇನು? ನನ್ನ ಬಿಡುಗಡಿಗೆ ಇದಽ ಕಟ್ಟಿ ಮುಂದ ನಾನಽ ನಿಂತು ಮಾತಾಡೀನಿ. ಈ ಯಜಮಾನ್ರೂ ಅವತ್ತ ಇಲ್ಲೇ ಕುಂತಿದ್ರು."

ಎರಡು ವರ್ಷ! ಎಷ್ಟು ಮನೆಗಳಲ್ಲಿ ಹೆಂಗಸರು ಕೊಟ್ಟ ಚಹಾ ಕುಡಿದಿದ್ದೇನೆ. ಒಬ್ಬಳಿಗಾದರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಹೆಣ್ಣಾಗಿ ಹುಟ್ಟಿದ ನನಗೇ ಅದು ಹೊಳೆದಿರಲಿಲ್ಲ.

ಯಜಮಾನರು ಮೊಣಕಾಲು ತಿಕ್ಕಿಕೊಂಡರು. ಕೊನೆಗೆ ಹೌದೆಂದು ತಲೆ ಆಡಿಸಿ, ಹೇಳವ್ವಾ ಎಂದು ತಂಗಿಗೆ ಅಂದರು. ನನಗೆ ಇನ್ನೂ ಅಂಜಿಕೆಯಿತ್ತು. ಮನೆಯಲ್ಲೇ ಗಟ್ಟಿಯಾಗಿ ಮಾತಾಡದವಳು, ಇಷ್ಟು ಜನರ ಮುಂದೆ ಬಾಯಿ ಕಟ್ಟಿ ನಿಂತರೆ ಕಾಕಾ ಮಾತಾಡಿ ಮುಗಿಸುತ್ತಾರೆ.

"ನಾ ಅವನ ಮನಿಗೆ ಹೋಗಂಗಿಲ್ರಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾ, ನನ್ನ ಬಾಯಿಲೇ ಅಂದೀನಿ ಅಂತ ಬರಿ."