ಆಯಿ ನೀರು ಮುಟ್ಟದೆ ಹಾರಿದ ದಿನ

ಆಗಿನ್ನೂ ನಮ್ಮ ಗೋವಿಂದರಾಜನಗರದ ಆಕಾಶದಲ್ಲಿ ವಿಮಾನಗಳು ಓಡಾಡುತ್ತಿದ್ದವು. ಏರ್‌ಪೋರ್ಟು ಊರಿನ ಆ ತುದಿಯಲ್ಲಿ, ಹಳೇ ಜಾಗದಲ್ಲೇ ಇತ್ತು. ಇಳಿಯಲು ಹೊರಟ ವಿಮಾನಗಳು ನಮ್ಮ ತಾರಸಿಗಳ ಮೇಲೆ ಹಾದು ಪೂರ್ವಕ್ಕೆ ಹೋಗುತ್ತಿದ್ದವು. ಬೇಸಿಗೆ ರಜೆಯಲ್ಲಿ ನಮಗೆ ಅದೇ ಆಟ. ಉಪ್ಪು ಖಾರ ಸವರಿದ ತೋತಾಪುರಿ ಹೋಳು ಚೀಪುತ್ತಾ ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿರುತ್ತಿದ್ದೆವು. ಸದ್ದು ಕೇಳಿದ ಕೂಡಲೇ ಯಾರು ಮೊದಲು ‘ನಂದು’ ಅನ್ನುತ್ತಾರೋ ಆ ವಿಮಾನ ಅವರದು. ಸಂಜೆಯಾಗುವಷ್ಟರಲ್ಲಿ ಯಾರದು ಯಾವುದು ಎಂಬ ಜಗಳ ಶುರುವಾಗಿ, ಕೆಳಗಿನಿಂದ ಅಮ್ಮಂದಿರು ಕೂಗಿದ ಮೇಲೇ ಮುಗಿಯುತ್ತಿತ್ತು.

ಅಂಥ ಒಂದು ಮಧ್ಯಾಹ್ನ ನಾನು ಕೆಳಗಿನ ಮನೆಯ ಸುನೀಲನಿಗೆ, “ನಾಡಿದ್ದು ನಾನು ಫ್ಲೈಟಲ್ಲಿ ಹೋಗ್ತಾ ಇದೀನಿ ಕಣೋ” ಅಂದೆ.

“ಬುರುಡೆ ಬಿಡ್ಬೇಡ ಕಣೇ. ನಿಮ್ಮಪ್ಪನ ಸ್ಕೂಟರ್ರೇ ಸ್ಟಾರ್ಟ್ ಆಗಲ್ಲ, ಫ್ಲೈಟಂತೆ!”

ಅವನ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪನದು ವಿಜಯನಗರದ ಸಂದಿಯೊಂದರಲ್ಲಿ ಪುಟ್ಟ ಎಲೆಕ್ಟ್ರಿಕಲ್ ಅಂಗಡಿ. ನಮ್ಮಂಥವರಿಗೆ ವಿಮಾನ ಎಂದರೆ ತಲೆಯ ಮೇಲೆ ಹೋಗುವ ವಸ್ತುವೇ ಹೊರತು ಒಳಗೆ ಕೂರುವ ವಸ್ತುವಲ್ಲ. ಆದರೆ ಆ ವರ್ಷ ಅಗ್ಗದ ಟಿಕೆಟ್ಟಿನ ಸಣ್ಣ ವಿಮಾನಗಳು ಹೊಸದಾಗಿ ಬಂದಿದ್ದವು, ಅದರಲ್ಲೊಂದು ಹುಬ್ಬಳ್ಳಿಗೆ ಹೋಗುತ್ತಿತ್ತು. ಹುಬ್ಬಳ್ಳಿಯಲ್ಲಿ ಆಯಿಯ ಅಕ್ಕ, ನಮ್ಮ ದೊಡ್ಡಾಯಿ, ಹಾಸಿಗೆ ಹಿಡಿದಿದ್ದಳು.

ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಅಪ್ಪನ ಜೊತೆ ಬೆಂಗಳೂರಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಅವಳ ನಾಲಿಗೆ ಹುಬ್ಬಳ್ಳಿ ಬಿಟ್ಟಿರಲಿಲ್ಲ. ಬೆನ್ನುಮೂಳೆ ಸವೆದಿತ್ತು. ಬಸ್ಸಾಗಲಿ ರೈಲಾಗಲಿ, ಗಂಟೆಗಟ್ಟಲೆ ಕುಲುಕಾಡಿಸಿಕೊಂಡು ಹೋಗುವ ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಕ್ಕನನ್ನು ನೋಡಲಾಗದ ಸಂಕಟದಲ್ಲಿ ಅವಳು ಊಟ ಕಡಿಮೆ ಮಾಡಿದ್ದಳು. ಅದನ್ನು ನೋಡಲಾರದೆ ಅಪ್ಪ ಟಿಕೆಟ್ ಮಾಡಿಸಿದರು. ಅಂಗಡಿ ಬಿಟ್ಟು ಅವರು ಬರುವಂತಿರಲಿಲ್ಲ, ಅಮ್ಮನಿಗೆ ತಮ್ಮನ ಬಾಣಂತನ. ರಜೆಯಲ್ಲಿದ್ದ ನಾನು ಆಯಿಗೆ ಜೊತೆಯಾದೆ. ಐದನೇ ಕ್ಲಾಸು ಮುಗಿಸಿದವಳಿಗೆ ಇಂಗ್ಲಿಷ್ ಓದಲು ಬರುತ್ತದೆ, ಸಾಕು ಎಂಬುದು ಮನೆಯ ತೀರ್ಮಾನ.

ಆಯಿಯ ಕೊರಳಲ್ಲಿ ಸದಾ ಇಷ್ಟಲಿಂಗ ಇರುತ್ತಿತ್ತು. ದಿನಾ ಬೆಳಿಗ್ಗೆ ಮಿಂದು, ಅದನ್ನು ಎಡಗೈ ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಅವಳು ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಅಕ್ಕ ತಂಗಿಗೆ ಚಿಕ್ಕಂದಿನಲ್ಲಿ ಒಂದೇ ದಿನ, ಒಬ್ಬರೇ ಸ್ವಾಮಿಗಳಿಂದ ದೀಕ್ಷೆ ಆಗಿತ್ತಂತೆ. ಅಂದಿನಿಂದ ಇಬ್ಬರೂ ಒಂದು ಸೂರಿನಡಿ ಇದ್ದ ದಿನ ಬೇರೆ ಬೇರೆ ಪೂಜೆ ಮಾಡಿದ್ದೇ ಇಲ್ಲ. ಒಬ್ಬಳು ತಡವಾದರೆ ಇನ್ನೊಬ್ಬಳು ಬಾಯಿ ಒಣಗಿಸಿಕೊಂಡು ಕಾಯಬೇಕು. ಇದು ಯಾವ ಶಾಸ್ತ್ರದಲ್ಲೂ ಇರಲಿಲ್ಲ, ಅವರಿಬ್ಬರೇ ಮಾಡಿಕೊಂಡ ಕಟ್ಟುಪಾಡು.

ಹೊರಡುವ ಹಿಂದಿನ ದಿನ ಅಪ್ಪ ಹುಬ್ಬಳ್ಳಿಗೆ ಫೋನು ಮಾಡಿದರು. ಅಲ್ಲಿ ದೊಡ್ಡಾಯಿಯ ಸೊಸೆ ಶೈಲಾ ಚಿಗವ್ವ ರಿಸೀವರನ್ನು ದೊಡ್ಡಾಯಿಯ ಕಿವಿಗೆ ಹಿಡಿದಳು. ಆಯಿ ಇಲ್ಲಿಂದ ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಅಕ್ಕಾ, ನಾಳೆ ಮುಂಜಾನೆ ಬರಾಕತ್ತೀನಿ. ಪೂಜಿ ಕೂಡೇ ಮಾಡೂಣು!”

ಆ ಕಡೆಯಿಂದ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ಚಿಗವ್ವ ಫೋನು ತಗೊಂಡು, “ಈಗೀಗ ಮಂದಿ ಗುರುತು ಹತ್ತೂದಿಲ್ರಿ ಅವರಿಗೆ” ಅಂದಳು.

“ಅಕಿಗೆ ಕೇಳಿಸಿಲ್ಲ ಬಿಡವ್ವಾ” ಎಂದರು ಅಪ್ಪ. “ಮನ್ಯಾಗ ಪೂಜಿ ಮುಗಿಸಿ, ಗುಳಿಗಿ ತಗೊಂಡ ಹೊರಡು.”

“ಅಕಿಗೆ ಕೇಳೇತಿ” ಎಂದಷ್ಟೇ ಹೇಳಿ ಆಯಿ ಒಳಗೆ ಹೋದಳು. ಅಕ್ಕನಿಗೆ ಒಯ್ಯಲು ಮಾದಲಿ ಸಿಹಿ ಮಾಡುವುದಿತ್ತು. ಬೆಲ್ಲ, ಗೋಧಿ, ಏಲಕ್ಕಿಯ ಘಮ ಸಂಜೆಯವರೆಗೂ ಮನೆ ತುಂಬಿತ್ತು.

ಲಿಂಗದ ಬೆಳ್ಳಿ ಕರಡಿಗೆ ಏರ್‌ಪೋರ್ಟಿನಲ್ಲಿ ಕೂಗಿಕೊಳ್ಳುತ್ತದೆ ಎಂದು ಯಾರೋ ಹೆದರಿಸಿದ್ದರು. ಆಯಿ ಅದನ್ನು ಮನೆಯಲ್ಲೇ ಬಿಟ್ಟು, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಆದರೂ ತಪಾಸಣೆಯ ಪರದೆಯೊಳಗೆ ಪೊಲೀಸ್ ಹೆಂಗಸಿನ ಕೈ ಆ ಗಂಟಿನ ಮೇಲೇ ನಿಂತಿತು. ಏನಿದು ಎಂದು ಹಿಂದಿಯಲ್ಲಿ ಕೇಳಿದಳು. ಆಯಿ ಎರಡೂ ಕೈಯಲ್ಲಿ ಗಂಟನ್ನು ಮುಚ್ಚಿಕೊಂಡು ಗೋಡೆಗೆ ಒರಗಿದಳು. ನಾನು ಶಾಲೆಯ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, “ಭಗವಾನ್ ಹೈ” ಅಂದೆ. ಅವಳು ಒಮ್ಮೆ ಆಯಿಯ ಹಣೆಯ ವಿಭೂತಿ ನೋಡಿದಳು, ಯಂತ್ರವನ್ನು ಸುಮ್ಮನೆ ಎದೆಯ ಮುಂದೆ ಆಡಿಸಿ ಹೋಗಿ ಎಂದು ಕೈ ಮಾಡಿದಳು.

ರೆಕ್ಕೆಗೆ ಫ್ಯಾನು ಸಿಕ್ಕಿಸಿದ ಪುಟ್ಟ ವಿಮಾನ ಅದು. ಹಿಂಬದಿಯ ಬಾಗಿಲಿನಿಂದ ಹತ್ತಿಸಿದರು. ಸೀಟುಗಳ ಮಧ್ಯೆ ಆಯಿ ಅಡ್ಡಡ್ಡ ನಡೆಯಬೇಕಾಯಿತು. ಬೆಲ್ಟು ಕಟ್ಟಿದರು, ಪೆಪ್ಪರಮಿಂಟು ಕೊಟ್ಟರು, ಒಂದು ಕಡೆಯ ಫ್ಯಾನು ತಿರುಗಿತು. ಇನ್ನೊಂದು ಕಡೆಯದು ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಎಲ್ಲರೂ ಇಳಿಯಿರಿ, ಬೇರೆ ವಿಮಾನ ಬರುತ್ತದೆ ಎಂದರು. ಆ ಬೇರೆ ವಿಮಾನ ಇನ್ನೂ ಯಾವುದೋ ಊರಿನಿಂದ ಹೊರಟು ಬರಬೇಕಿತ್ತು.

ಮತ್ತೆ ಅದೇ ಕುರ್ಚಿಗಳು. ಬಿಸಿಲೇರಿತು. ಎಲ್ಲರಿಗೂ ಇಡ್ಲಿ ವಡೆಯ ಪೊಟ್ಟಣ ಹಂಚಿದರು. ನಾನು ಎರಡು ಪೊಟ್ಟಣದ ವಡೆಯನ್ನೂ ತಿಂದು ನೀರು ಕುಡಿದೆ. ಆಯಿ ಬೆನ್ನನ್ನು ಕುರ್ಚಿಗೆ ತಾಗಿಸದೆ ಸೆಟೆದು ಕೂತಿದ್ದಳು, ತುಟಿಯ ಅಂಚು ಬೆಳ್ಳಗಾಗಿತ್ತು. ಪಕ್ಕದಲ್ಲಿ ಹುಬ್ಬಳ್ಳಿಯ ಜವಳಿ ವ್ಯಾಪಾರಿಯೊಬ್ಬರಿದ್ದರು. ಅವರ ಹಣೆಯಲ್ಲೂ ವಿಭೂತಿ. ನೋಡಿದ ಕೂಡಲೇ ಅವರಿಗೆ ವಿಷಯ ಗೊತ್ತಾಗಿಹೋಯಿತು.

“ಪೂಜಿ ಆಗಿಲ್ಲೇನ್ರಿ ಅವ್ವಾರ? ಇಲ್ಲೇ ಮೂಲ್ಯಾಗ ಮಾಡ್ಕೋರಿ. ನಾ ಶಲ್ಯ ಅಡ್ಡ ಹಿಡೀತೀನಿ. ನೀರು ತಂದು ಕೊಡ್ತೀನಿ.”

“ಬ್ಯಾಡ್ರಿ ಯಪ್ಪಾ. ಅಕ್ಕ ಕುಂತಿರತಾಳ.”

“ಅವರಿಗೂ ತಡಾ ಆಗಿದ್ದು ಗೊತ್ತಾಗಿರತದ ತಗೋರಿ.”

“ಗೊತ್ತಾದ್ರೂ ಕುಂತಿರತಾಳ.”

ಅವರು ಮುಂದೆ ಒತ್ತಾಯ ಮಾಡಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಮಾತ್ರ ತಗೊಂಡು ದೂರ ಹೋಗಿ ಕುಡಿದು ಬಂದರು.

ನನಗೆ ಸಿಟ್ಟು ಬರುತ್ತಿತ್ತು. ಮೊದಲ ಸಲದ ವಿಮಾನ, ಕಿಟಕಿಯ ಸೀಟು, ಸುನೀಲನಿಗೆ ಹೇಳಲು ಎಷ್ಟೊಂದು ಇತ್ತು. ಅದನ್ನೆಲ್ಲ ಬಿಟ್ಟು ಆಯಿಯ ಮುಖವನ್ನೇ ನೋಡುತ್ತಾ ಕೂರಬೇಕಾಗಿತ್ತು. ಅಂತೂ ಇನ್ನೊಂದು ವಿಮಾನ ಬಂತು. ಮೊದಲಿನದರ ಹಾಗೇ ಇತ್ತು, ಸೀಟಿನ ಬಟ್ಟೆ ಮಾತ್ರ ಬೇರೆ. ಮೇಲೇರಿದಾಗ ಕಿಟಕಿಗೆ ಮುಖ ಒತ್ತಿ ಕೂತೆ. ಕೆಳಗೆ ಮನೆಗಳು ಬೆಂಕಿಪೊಟ್ಟಣಗಳಾದವು. ಅಷ್ಟರಲ್ಲಿ ಆಯಿಯ ತಲೆ ನನ್ನ ಭುಜಕ್ಕೆ ವಾಲಿತು. ಹಣೆ ತಣ್ಣಗೆ ಬೆವೆತಿತ್ತು.

ನಾನು ಕೂಗಿಕೊಂಡೆ. ಗಗನಸಖಿ ಓಡಿಬಂದು, ಗ್ಲಾಸಿನಲ್ಲಿ ನೀರು ಹಿಡಿದಳು. “ಅಜ್ಜಿ, ಒಂದ್ ಸಿಪ್ ಕುಡೀರಿ, ಪ್ಲೀಸ್” ಎಂದಳು. ಬೆಂಗಳೂರಿನ ಹುಡುಗಿಯೇ. ಆಯಿ ಕಣ್ಣು ತೆರೆದು, ಆ ಹುಡುಗಿಯ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿದಳು.

“ಕುಡಿ ಆಯಿ” ಎಂದು ನಾನು ಅಳುತ್ತಾ ಹೇಳಿದೆ. “ದೊಡ್ಡಾಯಿಗೆ ಯಾರೂ ಗುರುತೇ ಸಿಗಲ್ಲಂತೆ. ನೀನು ಕುಡಿದ್ರೂ ಅವ್ರಿಗೆ ಗೊತ್ತಾಗಲ್ಲ.”

“ಅಕಿಗೆ ಗೊತ್ತಾಗದಿದ್ರೂ ನನಗ ಗೊತ್ತಾಗತದಲ್ಲ ಪುಟ್ಟಾ” ಎಂದಳು ಆಯಿ. ದನಿ ಬಹಳ ಸಣ್ಣಗಿತ್ತು. “ನಾ ಕುಡದೆ ಅಂದ್ರ ಅಕಿ ಒಬ್ಬಾಕಿನ ಉಳೀತಾಳ.”

ಗಗನಸಖಿ ನೀರನ್ನು ಹಿಂದಕ್ಕೆ ಒಯ್ದಳು. ಒದ್ದೆ ಮಾಡಿದ ಕಾಗದದ ಕರವಸ್ತ್ರ ತಂದು, ಇದನ್ನು ಹಣೆಗಾದರೂ ಇಡಬಹುದಾ ಎಂದು ನನ್ನನ್ನು ಕೇಳಿದಳು. ಆಯಿ ಹೂಂ ಅಂದಳು. ಇಳಿಯುವ ತನಕ ಆ ಹುಡುಗಿ ನಮ್ಮ ಸೀಟಿನ ಬದಿಯಲ್ಲೇ ಸುಳಿದಾಡುತ್ತಿದ್ದಳು. ಆಮೇಲೆ ವಿಮಾನದ ಕಿಟಕಿಯಾಚೆ ಏನೇನಿತ್ತು ಎಂದು ಈಗಲೂ ನನಗೆ ನೆನಪಿಲ್ಲ. ಕೈಯೊಳಗಿದ್ದ ಆಯಿಯ ಒಣ ಬೆರಳುಗಳು ಮಾತ್ರ ನೆನಪಿವೆ.

ಹುಬ್ಬಳ್ಳಿಯ ಆಗಿನ ಏರ್‌ಪೋರ್ಟು ನಮ್ಮ ಶಾಲೆಗಿಂತ ಚಿಕ್ಕದಿತ್ತು. ಆ ಜವಳಿ ವ್ಯಾಪಾರಿಯೇ ಆಯಿಯ ತೋಳು ಹಿಡಿದು ಹೊರಗೆ ಕರೆತಂದು, ಕಾಯುತ್ತಿದ್ದ ದೊಡ್ಡಾಯಿಯ ಮಗ ಕಾಕಾನ ಆಟೋದಲ್ಲಿ ಕೂರಿಸಿದರು. ಮನೆ ಮುಟ್ಟಿದಾಗ ಶೈಲಾ ಚಿಗವ್ವ ಬಾಗಿಲಲ್ಲೇ ನಿಂತಿದ್ದಳು, ಅತ್ತು ಕಣ್ಣು ಕೆಂಪಾಗಿತ್ತು.

“ನಿಮ್ಮ ಅಕ್ಕನ ಹಟಾ ನೋಡ್ರಿ ಸಣ್ಣತ್ತಿ!” ಎಂದು ಅವಳು ಒಂದೇ ಉಸಿರಿಗೆ ಸುರಿದಳು. “ಮುಂಜಾನಿಂದ ಹನಿ ನೀರು ಒಲ್ಲೆ ಅಂತಾರ. ಚಮಚಾದಾಗ ಹಾಕಿದ್ರ ಉಗುಳತಾರ. ಬಾಯಿ ಬಿಗಿಹಿಡದು ಬಾಗಲಾ ನೋಡ್ಕೋಂತ ಮಲಗ್ಯಾರ. ಯಾಕಂತ ನಮಗೂ ತಿಳೀವಲ್ದು.”

ಆಯಿಗೆ ತಿಳಿದಿತ್ತು. ಬೆನ್ನು ನೋವು, ತಲೆ ಸುತ್ತು ಎಲ್ಲ ಎಲ್ಲಿ ಹೋದವೋ, ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಒಳಕೋಣೆಗೆ ನಡೆದಳು. ಮಂಚದ ಮೇಲೆ ದೊಡ್ಡಾಯಿ ಒಂದು ಹಿಡಿಯಷ್ಟಾಗಿದ್ದಳು. ಆಯಿಯನ್ನು ನೋಡಿ ಅವಳು ನಗಲೂ ಇಲ್ಲ, ಅಳಲೂ ಇಲ್ಲ.

“ತಡಾ ಮಾಡಿದಿ” ಎಂದಳು.

“ಇಮಾನ ಕೆಟ್ಟಿತ್ತವಾ.”

ಆಯಿ ನಿಂತ ನಿಲುವಿನಲ್ಲೇ ಮಿಂದು ಬಂದಳು. ಅಕ್ಕನ ಕೈಕಾಲು ಒರೆಸಿದಳು, ಹಣೆಗೆ ವಿಭೂತಿ ಹಚ್ಚಿದಳು, ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸಿದಳು. ದೊಡ್ಡಾಯಿಯ ಎಡಗೈ ನಡುಗುತ್ತಿತ್ತು, ಅಂಗೈಯಲ್ಲಿ ಲಿಂಗ ನಿಲ್ಲುವಂತಿರಲಿಲ್ಲ. ಆಯಿ ತನ್ನ ಎಡಗೈಯಲ್ಲಿ ತನ್ನ ಲಿಂಗ ಹಿಡಿದು, ಬಲಗೈಯನ್ನು ಅಕ್ಕನ ಅಂಗೈಯ ಕೆಳಗೆ ಕೊಟ್ಟಳು. ಹೂವು ಏರಿಸಲು ಅವಳಿಗೆ ಕೈಯೇ ಉಳಿಯಲಿಲ್ಲ.

“ಪುಟ್ಟಾ, ನೀ ಬಾ. ಮುಟ್ಟಬ್ಯಾಡ. ಮ್ಯಾಲಿಂದ ಹೂವು ಬಿಡು, ಇಬ್ಬರಿಗೂ.”

ಮೈಯೆಲ್ಲ ಪ್ರಯಾಣದ ಬೆವರಿನಲ್ಲಿದ್ದ ನನಗೂ ಚಿಗವ್ವ ಎರಡು ತಂಬಿಗೆ ನೀರು ಸುರಿದು ಕಳಿಸಿದಳು. ಒಂದು ಕಣಗಿಲೆ ಅಲ್ಲಿಗೆ, ಒಂದು ಇಲ್ಲಿಗೆ. ಇಬ್ಬರೂ ಕಣ್ಣು ಮುಚ್ಚಿ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಒಬ್ಬಳು ಮರೆತಲ್ಲಿ ಇನ್ನೊಬ್ಬಳ ದನಿ ಸ್ವಲ್ಪ ಏರುತ್ತಿತ್ತು. ಪೂಜೆ ಮುಗಿದ ಮೇಲೆ ಆಯಿ ಚಮಚದಲ್ಲಿ ಅಕ್ಕನ ಬಾಯಿಗೆ ನೀರು ಹಾಕಿದಳು. ಅದು ಗಂಟಲಿನಲ್ಲಿ ಇಳಿಯುವುದನ್ನು ನೋಡಿ, ಆಮೇಲೆ ತಾನು ತಂಬಿಗೆ ಎತ್ತಿದಳು. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನಾನೂ ಅತ್ತೆ, ಯಾಕೆ ಎಂದು ಆಗ ಗೊತ್ತಿರಲಿಲ್ಲ.

ನಾವಲ್ಲಿ ಇದ್ದಷ್ಟು ದಿನವೂ ಹೀಗೇ ನಡೆಯಿತು. ಹೂವು ಬಿಡುವ ಕೆಲಸ ನನ್ನದೇ ಆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಹುಬ್ಬಳ್ಳಿಯ ವಿಮಾನ ನಿಂತುಹೋಯಿತು. ಸೀಟು ತುಂಬುವುದಿಲ್ಲವಂತೆ, ವಿಮಾನವನ್ನು ಬೇರೆ ಊರಿನ ದಾರಿಗೆ ಹಾಕಿದರಂತೆ ಎಂದು ಅಪ್ಪ ಹೇಳಿದರು. ಚಳಿಗಾಲದಲ್ಲಿ ದೊಡ್ಡಾಯಿ ಹೋದಳು. ಕಾರು ಮಾಡಿಸುತ್ತೇನೆ, ಮಲಗಿಕೊಂಡೇ ಹೋಗಿಬಿಡು ಎಂದು ಅಪ್ಪ ಕೇಳಿಕೊಂಡರು. ಆಯಿ ತಲೆಯಾಡಿಸಿದಳು.

“ಈಗ ಯಾರ ಕಾಯಾಕತ್ತಾರ ಅಲ್ಲಿ?” ಎಂದಳು.

ಈಗ ಹುಬ್ಬಳ್ಳಿಗೆ ಮತ್ತೆ ವಿಮಾನಗಳಿವೆ, ಅಲ್ಲಿ ದೊಡ್ಡ ಕಟ್ಟಡವೂ ಬಂದಿದೆ. ಗೋವಿಂದರಾಜನಗರದಿಂದ ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ ತಲುಪಲು ಹಿಡಿಯುವಷ್ಟು ಹೊತ್ತು ಆ ಹಾರಾಟಕ್ಕೆ ಬೇಡ. ಕೆಲಸದ ಮೇಲೆ ನಾನು ಎಷ್ಟೋ ಊರಿಗೆ ಹಾರಿದ್ದೇನೆ, ಕಿಟಕಿಯ ಸೀಟು ಬೇಕೆಂದು ಕೇಳುವುದನ್ನೂ ಬಿಟ್ಟಿದ್ದೇನೆ. ಆಯಿ ಹೋಗಿ ಬಹಳ ವರ್ಷಗಳಾದವು.

ಮೊನ್ನೆ ಶೈಲಾ ಚಿಗವ್ವನನ್ನು ನೋಡಲು ಹುಬ್ಬಳ್ಳಿಗೆ ಹೊರಟಿದ್ದೆ. ಏರ್‌ಪೋರ್ಟಿನಲ್ಲಿ ಕೂತ ಮೇಲೆ, ವಿಮಾನ ಬದಲಾಗಿದೆ, ತಡವಾಗುತ್ತದೆ ಎಂದರು. ಚಿಗವ್ವನಿಗೆ ಹೇಳೋಣವೆಂದು ಫೋನು ಮಾಡಿದೆ.

“ಗೊತ್ತಾತವಾ, ಮೊಮ್ಮಗ ಫೋನಿನ್ಯಾಗ ನೋಡಿ ಹೇಳಿದ” ಎಂದಳು ಚಿಗವ್ವ. “ನಮ್ಮದೆಲ್ಲಾ ಊಟ ಆತು. ನೀ ಅಲ್ಲೇ ಏನರ ತಿಂದು ಬಾ, ಹಸಗೊಂಡು ಕುಂದರಬ್ಯಾಡ.”

ಎಷ್ಟು ಸರಿಯಾದ ಮಾತು. ವಯಸ್ಸಾದವಳು, ಸಕ್ಕರೆ ಕಾಯಿಲೆಯವಳು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಅವಳು ಕಾದಿದ್ದರೆ ನಾನೇ ಬೈಯುತ್ತಿದ್ದೆ. ಆದರೂ ಫೋನಿಟ್ಟ ಮೇಲೆ ನನಗೆ ಎಷ್ಟೋ ಹೊತ್ತು ಏನನ್ನೂ ತಿನ್ನಲಾಗಲಿಲ್ಲ. ನನಗಾಗಿ ಲೋಕದಲ್ಲಿ ಎಲ್ಲಾದರೂ ಯಾರಾದರೂ ಒಬ್ಬರು ಬಾಯಿ ಬಿಗಿಹಿಡಿದು ಬಾಗಿಲು ನೋಡುತ್ತಿರಬೇಕಿತ್ತು ಎಂಬ ಆಸೆ, ಈ ವಯಸ್ಸಿನಲ್ಲಿ, ಅಷ್ಟು ಜನರ ನಡುವೆ, ನಾಚಿಕೆಯಿಲ್ಲದೆ ಬಂತು.